ಕರುಣೆಯನ್ನು ನಿರಾಕರಿಸಿದ ಮೂವತ್ತೊಂದು ಮಂದಿ

ಆರನೆಯ ಕಲಮು ತನ್ನ ತಪ್ಪೆಂದು ಈಗಲೇ ಹೇಳಿಬಿಡಲೇ, ಇಲ್ಲ ಮಹಾರಾಜರು ಎಲೆ ಅಡಿಕೆ ಮುಗಿಸಲಿ ಎಂದು ಕಾಯಲೇ? ಬಹಳ ಕಾಲದ ಕೆಳಗೆ ಸೌಖ್ಯಾವತಿ ಎಂಬ ರಾಜ್ಯವಿತ್ತಷ್ಟೆ, ಅದರ ಸಭಾಮಂಟಪದಲ್ಲಿ ಕುಳಿತು ಅರಮನೆಯ ಲಿಪಿಕಾರ ನೇಮಣ್ಣ ಹೀಗೆ ಯೋಚಿಸುತ್ತಿದ್ದ. ಮಹಾರಾಜರು ಎಲೆ ಅಡಿಕೆ ಮುಗಿಸಿದರು. ಇನ್ನೊಂದು ತರಿಸಿಕೊಂಡರು.

ಇದಕ್ಕೆಲ್ಲ ಮೂಲ ಒಬ್ಬ ಚಿತ್ರಕಾರ. ಅವನು ಮಹಾರಾಜ ಪ್ರಸನ್ನಕೀರ್ತಿಯವರ ಮುಖದಲ್ಲಿ ಶೌರ್ಯ, ಗಾಂಭೀರ್ಯಗಳನ್ನು ಬರೆದು, ಕರುಣೆಗೆ ಮಾದರಿ ಸಿಗಲಿಲ್ಲವೆಂದು ಅಷ್ಟು ಜಾಗ ಖಾಲಿ ಬಿಟ್ಟಿದ್ದ. ಒಡನೆ ಮಂತ್ರಿ ಸ್ತುತಿಶೀಲರು ಕರುಣಾ ವರ್ಷ ಘೋಷಿಸಿ ಫಲಾನುಭವಿಗಳನ್ನು ಹುಡುಕಿಸಿದರು.

“ಪ್ರಭೂ, ಊರಂಚಿನಲ್ಲಿ ಎಲೆಮನೆ ಅಂತ ಒಂದಿದೆ. ಬುದ್ಧಿ ನಿಧಾನವಾಗಿ ಬೆಳೆದವರು, ಮನಸ್ಸಿನ ಕಾಯಿಲೆಯವರು ಮೂವತ್ತೊಂದು ಮಂದಿ ಅಲ್ಲಿ ಕಡ್ಡಿ ಚುಚ್ಚಿ ಮುತ್ತುಗದ ಊಟದೆಲೆ ಹಚ್ಚುತ್ತಾರೆ. ಆ ಮನೆಯ ಹಕ್ಕುಪತ್ರವನ್ನೇ ದಯಪಾಲಿಸಬಹುದು.”

“ಅವರಿಗೆ ಏನು ಬೇಕಂತೆ?”

“ಕೇಳಿ ಕೊಟ್ಟರೆ ವ್ಯವಹಾರ, ಪ್ರಭೂ. ಕೇಳದೆ ಕೊಟ್ಟರೆ ಕರುಣೆ.”

ಆಜ್ಞೆ ಬರೆಯಲು ನೇಮಣ್ಣನಿಗೆ ಅರ್ಧ ಗಳಿಗೆ ಸಿಕ್ಕಿತು. ಅವನು ವಿದ್ವಾಂಸರಿಗೆ ಶಾಲು ಹೊದಿಸುವ ಹಳೆಯ ಆಜ್ಞೆಯನ್ನೇ ನಕಲು ಮಾಡಿ, ‘ವಿದ್ವಾಂಸ’ ಇದ್ದಲ್ಲಿ ‘ಫಲಾನುಭವಿ’, ‘ಶಾಲು’ ಇದ್ದಲ್ಲಿ ‘ಮನೆ’ ಎಂದು ತಿದ್ದಿದ. ರಾಜಮುದ್ರೆ ಬಿದ್ದ ಮೇಲೆ ಆರನೆಯ ಕಲಮು ಕಣ್ಣಿಗೆ ಬಿತ್ತು: ಪಡೆಯುವವರು ಅರಸರ ಕೈಯಿಂದಲೇ ಪಡೆದು, ಅವರ ಮುಖ ನೋಡಿ, ನಗಾರಿ ನಿಲ್ಲುವುದರೊಳಗೆ ಮೂರು ಸಲ ‘ಧನ್ಯನಾದೆ’ ಎನ್ನತಕ್ಕದ್ದು, ಎನ್ನದಿದ್ದರೆ ನಿರಾಕರಿಸಿದಂತೆ, ನಿರಾಕರಿಸಿದ್ದು ಅರಮನೆಗೆ ಸೇರತಕ್ಕದ್ದು. ವಿದ್ವಾಂಸರು ಆರು ಸಲ ಅನ್ನುತ್ತಿದ್ದುದರಿಂದ ಈ ಕಲಮಿನಿಂದ ಈವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ.

ಎಲೆಮನೆಯಲ್ಲಿ ನೇಮಣ್ಣನ ತಂಗಿ ಪದ್ಮಲೆ ಇದ್ದಳು. ಇಪ್ಪತ್ತೆಂಟು ವರ್ಷದವಳು, ಮಾತು ಬಂದಿರಲಿಲ್ಲ. ಅರಮನೆಗೆ ಅದು ಗೊತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ ‘ಮನೆತನದಲ್ಲಿ ಕುಂದು ಉಂಟೇ?’ ಎಂಬ ಕಡೆ ಅವನು ‘ಇಲ್ಲ’ ಎಂದು ದುಂಡಗೆ ಬರೆದಿದ್ದ.

ಅಂದು ಸಂಜೆ ಅವನು ಎಲೆಮನೆಗೆ ಹೋದಾಗ, ಅದನ್ನು ನಡೆಸುವ ಮುದುಕಿ ದೇವೀರವ್ವ ಚಿಕ್ಕೇರಾಯನ ಜೊತೆ ಮಾತಾಡುತ್ತಿದ್ದಳು. ಚಿಕ್ಕೇರಾಯನಿಗೆ ಬೇರೆಯವರಿಗೆ ಕೇಳದ ದನಿಗಳು ಕೇಳಿಸುತ್ತಿದ್ದವು.

“ಇವತ್ತು ಏನಂತವ್ರೋ ಅವ್ರು?”

“ಬೈತಾವ್ರೆ.”

“ಬೈಕೊಳ್ಲಿ ಬುಡು. ನೀನು ಕಡ್ಡಿ ಸೀಳು.”

ಪದ್ಮಲೆ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುವವಳಲ್ಲ. ದೇವೀರವ್ವ ಎಲೆಯ ಕಟ್ಟನ್ನು ಅವಳ ಪಕ್ಕದಲ್ಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಬೇರೆಲ್ಲೋ ನೋಡುತ್ತ ನಿಂತಳು. ಆಗ ಪದ್ಮಲೆ ತೆಗೆದುಕೊಂಡಳು. ಹಚ್ಚಿ ಮುಗಿಸಿದ ಪ್ರತಿ ಎಲೆಯನ್ನೂ ಎರಡು ಸಲ ತಟ್ಟಿ ಪಕ್ಕಕ್ಕಿಟ್ಟಳು. ಅದು ಅವಳಿಗೆ ಮೆಚ್ಚುಗೆಯಾದ ಗುರುತು.

“ನಾಳೆ ನಗಾರಿ ಹೊಡೀತಾರೆ, ಅವ್ವ,” ಎಂದ ನೇಮಣ್ಣ.

“ಬ್ಯಾಡ ಅನ್ನಪ್ಪ. ಅಲ್ಲಿ ನಿನ್ನ ಮಾತು ಕೇಳ್ತಾರೆ.”

“ಹೇಳ್ತೀನಿ.”

ಮರುದಿನ ಅರಮನೆಯ ಅಂಗಳದಲ್ಲಿ ಹನ್ನೆರಡು ನಗಾರಿಗಳು ಒಟ್ಟಿಗೆ ಮೊಳಗಿದವು. ಪದ್ಮಲೆ ಕಿವಿ ಮುಚ್ಚಿಕೊಂಡು ವೇದಿಕೆಯ ಅಡಿಗೆ ಹೋದಳು. ಉಳಿದವರಲ್ಲಿ ಕೆಲವರು ಅತ್ತರು, ಕೆಲವರು ಆಕಾಶ ನೋಡಿದರು. ಮಹಾರಾಜರೂ ಮಂತ್ರಿಗಳೂ ಭಟರೂ ಒಟ್ಟಿಗೆ ‘ಧನ್ಯನಾದೆ’ ಎಂದು ಹೇಳಿಕೊಡತೊಡಗಿದಾಗ ಚಿಕ್ಕೇರಾಯ, “ಒಬ್ಬೊಬ್ರೇ ಮಾತಾಡ್ರಪ್ಪ. ನಂಗೆ ಮೊದ್ಲೇ ಜನ ಜಾಸ್ತಿ,” ಎಂದ.

ದೇವೀರವ್ವ ಮುಂದೆ ಬಂದಳು. “ಅವ್ರಿಗೆ ಸದ್ದು ಆಗಕಿಲ್ಲ ಸ್ವಾಮಿ. ಪತ್ರ ಅಲ್ಲಿ ಮಡಗಿ ನಾಕು ಹೆಜ್ಜೆ ಹಿಂದಕ್ಕೆ ಬನ್ನಿ. ತಗೋತಾರೆ.”

“ಹಿಂದಕ್ಕೆ?” ಮಂತ್ರಿಗಳ ಮುಖ ಬಿಳಿಚಿತು. “ಸೌಖ್ಯಾವತಿಯ ಅರಸರು ರಣರಂಗದಲ್ಲೂ ಹಿಂದೆ ಸರಿದವರಲ್ಲ.”

ಸೌಖ್ಯಾವತಿ ಯುದ್ಧವನ್ನೇ ಮಾಡಿರಲಿಲ್ಲವಾದ್ದರಿಂದ ಇದು ನಿಜವಾಗಿತ್ತು.

ನಗಾರಿ ನಿಂತಿತು. ಮಹಾರಾಜರಿಗೂ ಒಂದು ಅನುಮಾನ ಬಂದಿತು. “ಲಿಪಿಕಾರ, ಈ ಆರನೆಯ ಕಲಮನ್ನು ಇವರಿಗಾಗಿಯೇ ಬರೆದದ್ದೇನು?”

ನೇಮಣ್ಣ ಬಾಯಿ ತೆರೆದ. ಅಷ್ಟರಲ್ಲಿ ವೇದಿಕೆಯ ಅಡಿಯಿಂದ ಒಂದು ಕೈ ಈಚೆ ಬಂದು ಅವನ ಪಾದವನ್ನು ಮೆಲ್ಲಗೆ ಎರಡು ಸಲ ತಟ್ಟಿತು.

“ಈಕೆ ನಿನಗೆ ಪರಿಚಯವೇ?” ಎಂದರು ಮಂತ್ರಿಗಳು.

“ಇಲ್ಲ ಸ್ವಾಮಿ. ಕಾಲನ್ನು ಎಲೆ ಅಂದುಕೊಂಡಿರಬೇಕು.”

“ಕಲಮು?” ಎಂದರು ಮಹಾರಾಜರು.

“ಸರಿಯಾಗಿಯೇ ಇದೆ, ಪ್ರಭೂ.”

ಮೂವತ್ತೊಂದು ಮಂದಿ ಕರುಣೆಯನ್ನು ನಿರಾಕರಿಸಿದರೆಂದು ದಾಖಲಾಯಿತು. ಇಷ್ಟು ನಿರಾಕರಣೆಯನ್ನೂ ನಗುಮುಖದಿಂದ ಸಹಿಸಿದ್ದಕ್ಕಾಗಿ ಮಹಾರಾಜರಿಗೆ ‘ಕರುಣಾರ್ಣವ’ ಎಂಬ ಬಿರುದು ಸಂದಿತು. ಚಿತ್ರಕಾರ ಖಾಲಿ ಬಿಟ್ಟ ಜಾಗವನ್ನು ತುಂಬಿದ. ಎಲೆಮನೆಯಲ್ಲಿ ಕರುಣಾ ಅನುಷ್ಠಾನ ಪ್ರಾಧಿಕಾರ ತೆರೆಯಿತು. ಅದರ ಖರ್ಚಿಗೆಂದು ಪ್ರಜೆಗಳ ಉಪ್ಪಿನ ಮೇಲೆ ಕರುಣಾ ಸೆಸ್ ಬಿತ್ತು. ಮೂವತ್ತೊಂದು ಮಂದಿ ತಂತಮ್ಮ ಮನೆಗಳ ಹಿಂದಿನ ಕೋಣೆಗೆ ಮರಳಿದರು. ಆ ಕೋಣೆಗಳಿಗೆ ಚಿಲಕ ಹೊರಗಡೆ ಇತ್ತು. ಅಲ್ಲಿ ಪದ್ಮಲೆ ಏನನ್ನೂ ತಟ್ಟಲಿಲ್ಲ.

ನೇಮಣ್ಣ ಮುಖ್ಯ ಲಿಪಿಕಾರನಾದ. ಆರನೆಯ ಕಲಮು ತನ್ನ ತಪ್ಪೆಂದು ಅವನು ಹೇಳಲಿಲ್ಲ. ಪದ್ಮಲೆ ತನ್ನ ತಂಗಿ ಎಂದೂ ಹೇಳಲಿಲ್ಲ.