ಇದೆಹಾಸಿಕ ಹುಕ್ಕೇರಿ

ಸಿದ್ರಾಯನ ಕಷ್ಟಕ್ಕೆಲ್ಲ ಮೂಲ ಒಂದು ಗುಂಡಿ. ಕಂಪ್ಯೂಟರಿನ ಗುಂಡಿ. ಒಂದು ಗುಂಡಿ ಒತ್ತಿದರೆ ಇನ್ನೊಂದು ಗುಂಡಿಗೆ ಬೀಳಬಹುದೆಂದು ಬಿ.ಎ. ಕೊನೆಯ ವರ್ಷದ ಆ ಹುಡುಗನಿಗೆ, ಪಾಪ, ಯಾರೂ ಹೇಳಿರಲಿಲ್ಲ.

ಗೋಕಾಕದ ‘ಮೂಡಗಾಳಿ’ ಪಾಕ್ಷಿಕದಲ್ಲಿ ಅವನು ಇಂಟರ್ನ್. ಇಂಟರ್ನ್ ಎಂದರೆ ಸಂಪಾದಕರ ಚಹಾದಿಂದ ಹಿಡಿದು ಸಂಪಾದಕೀಯದವರೆಗೆ ಎಲ್ಲವನ್ನೂ ಸೋಸುವವನು. ಪಗಾರ ಇಲ್ಲ, ಕೊನೆಗೊಂದು ಸರ್ಟಿಫಿಕೇಟು ಮಾತ್ರ ಇದೆ. ಅದನ್ನು ನಾಳೆ ಬೆಳಿಗ್ಗೆ ಕಾಲೇಜಿಗೆ ಕೊಡದಿದ್ದರೆ ಸೆಮಿಸ್ಟರ್ ಹೋಯಿತು, ಮತ್ತೆ ಮೊದಲಿನಿಂದ ಅದೇ ಬೆಂಚು. ಅತ್ತ ಮಮದಾಪುರದಲ್ಲಿ ಅವನ ತಾಯಿ ಶೋಭಾ, ‘ನನ್ನ ಮಗ ಪೇಪರಿನ್ಯಾಗ ಸಾಹೇಬ ಆಗ್ಯಾನ’ ಎಂದು ಹಿಟ್ಟಿನ ಗಿರಣಿಯಲ್ಲಿ ಸಾರಿಬಿಟ್ಟಿದ್ದಳು. ಅವಳ ಬಾಯಿಂದ ಹೊರಟ ಸುದ್ದಿಯನ್ನು ವಾಪಸು ತರುವ ಯಂತ್ರ ಇನ್ನೂ ಪೇಟೆಗೆ ಬಂದಿಲ್ಲ.

ಸಂಪಾದಕ ಉದ್ದಪ್ಪನವರು ಹೆಸರಿಗೆ ತಕ್ಕ ಹಾಗಿಲ್ಲ. ಮೇಜಿನ ಹಿಂದೆ ಕುಳಿತರೆ ಕನ್ನಡಕವಷ್ಟೇ ಕಾಣುತ್ತದೆ, ಸಿಟ್ಟು ಮಾತ್ರ ಛಾವಣಿ ಮುಟ್ಟುತ್ತದೆ. ಹುಕ್ಕೇರಿಯ ವಿಶೇಷ ಸಂಚಿಕೆಗೆ ಓದುಗರು ಬರೆದು ಕಳಿಸಿದ್ದನ್ನೆಲ್ಲ ನೋಡಿ ಅವರು ಹಿಂದಿನ ವಾರ ಕನ್ನಡಕವನ್ನು ಹಣೆಗೇರಿಸಿದ್ದರು.

“ಏನ್ಲೇ ಇದು, ಎಲ್ಲಾರೂ ಮಾತಾಡಿದಂಗ ಬರದಾರ. ಅಲ್ಲಿ ಬಾವಿ ಐತಿ, ಇಲ್ಲಿ ಗುಮ್ಮಟ ಐತಿ. ಪತ್ರಿಕಿ ಅಂದ್ರ ಗ್ರಂಥದ ಭಾಷಾ ಇರಬೇಕು. ಐತಿ ಎಲ್ಲಾ ತಗದು ಇದೆ ಮಾಡು. ಸಾಲಿ ತಗದು ಶಾಲೆ ಮಾಡು. ಒಂದೂ ಉಳೀಬಾರದು.”

ಸಾಲು ಸಾಲು ಓದಿ ತಿದ್ದುವ ತಾಳ್ಮೆ ಯಾರಿಗಿದೆ? ಸಿದ್ರಾಯ ಒಮ್ಮೆಲೇ ಎಲ್ಲವನ್ನೂ ಹುಡುಕಿ ಬದಲಿಸುವ ಗುಂಡಿ ಒತ್ತಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಐತಿಗಳೆಲ್ಲ ಇದೆಗಳಾದವು, ಸಾಲಿಗಳೆಲ್ಲ ಶಾಲೆಗಳಾದವು. ಉದ್ದಪ್ಪನವರು ಕೊನೆಯ ಕರಡು ನೋಡಲಿಲ್ಲವೇ ಎಂದು ಕೇಳಬೇಡಿ. ನೋಡಿದರು. ತಮ್ಮ ಫೋಟೋ ಸರಿಯಾಗಿ ಬಂದಿದೆಯೇ ಎಂದು ನೋಡಿ, ಸಹಿ ಹಾಕಿ ಕಳಿಸಿದರು.

ಇವತ್ತು, ಹುಕ್ಕೇರಿಯಲ್ಲಿ ಸಂಚಿಕೆ ಬಿಡುಗಡೆಯಾಗುವ ದಿನ, ಬೆಳಿಗ್ಗೆ ಮೂಡಲಗಿಯಿಂದ ಪ್ರೆಸ್ಸಿನ ಮಾಲೀಕ ಹೊಳೆಪ್ಪನ ಫೋನು ಬಂತು.

“ತಮ್ಮಾ, ಪುಸ್ತಕ ತಯಾರ ಅದಾವ. ಒಂದ್ ಮಾತ ಕೇಳ್ಲೇನು? ಇದೆಹಾಸಿಕ ಅಂದ್ರೇನು?”

“ಏನಂದ್ರಿ ಕಾಕಾ?”

“ಇದೆಹಾಸಿಕ. ಮುಖಪುಟದ ಮ್ಯಾಲ ದೊಡ್ಡ ಅಕ್ಷರದಾಗ ಐತಲ್ಲ, ಇದೆಹಾಸಿಕ ಹುಕ್ಕೇರಿ.”

ಸಿದ್ರಾಯನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದೇ ತಡ, ಮೇಜಿನ ಮೇಲಿದ್ದ ಕರಡನ್ನು ಎಳೆದು ನೋಡಿದ. ‘ಐತಿಹಾಸಿಕ’ದ ತಲೆಯ ಮೇಲೂ ಒಂದು ‘ಐತಿ’ ಕುಳಿತಿತ್ತು. ಅದನ್ನೂ ಅವನು ಗ್ರಂಥದ ಭಾಷೆಗೆ ತಂದುಬಿಟ್ಟಿದ್ದ.

“ಕಾಕಾ, ಒಳಗ ಮುಖ್ಯ ಅತಿಥಿಗಳ ಹೆಸರ ಏನೈತಿ, ಸ್ವಲ್ಪ ನೋಡ್ರಿ.”

“ಗುರುಪಾದಯ್ಯ ಶಾಲೆಮಠ.”

ಕಣಗಲಾ ಊರಿನ ಗುರುಪಾದಯ್ಯ ಸಾಲಿಮಠರು ನಿವೃತ್ತ ಮುಖ್ಯಾಧ್ಯಾಪಕರು. ಪತ್ರಿಕೆಗಳಲ್ಲಿನ ತಪ್ಪುಗಳಿಗೆ ಕೆಂಪು ಗೆರೆ ಎಳೆದು ಸಂಪಾದಕರಿಗೇ ಅಂಚೆಯಲ್ಲಿ ಕಳಿಸುವುದು ಅವರ ನಿವೃತ್ತ ಜೀವನದ ಏಕೈಕ ಸುಖ. ಅಂಥವರ ಹೆಸರನ್ನೇ ಕೆಡಿಸಿದ ಮೇಲೆ ಸರ್ಟಿಫಿಕೇಟಿನ ಮಾತು ದೂರವೇ ಉಳಿಯಿತು. ಉದ್ದಪ್ಪನವರಿಗೆ ಹೇಳುವ ಧೈರ್ಯವಾಗದೆ ಸಿದ್ರಾಯ ಸಿಕ್ಕ ಬಸ್ಸು ಹತ್ತಿ ಮೂಡಲಗಿಗೆ ಓಡಿದ.

ಪ್ರೆಸ್ಸಿನಲ್ಲಿ ಸಲಹೆಗೆ ಬರವಿರಲಿಲ್ಲ. ಬೈಂಡಿಂಗಿನವನು ಜ್ವರ ಬಂತೆಂದು ಹೇಳಿ ಮನೆಗೆ ಹೋಗಿ ಮಲಗು ಎಂದ. ಚಹಾ ಕುಡಿಯಲು ಬಂದವನೊಬ್ಬ, ಹುಕ್ಕೇರಿಯವರಿಗೆ ಇಷ್ಟು ಸಾಕು ಬಿಡು ಎಂದ. ಅವನು ಮೂಡಲಗಿಯವನು. ಕೊನೆಗೆ ಹೊಳೆಪ್ಪನೇ ಕನಿಕರಪಟ್ಟು ‘ಐತಿಹಾಸಿಕ’ ಎಂಬ ಚೀಟಿಗಳನ್ನು ಮುದ್ರಿಸಿ, ಒಂದು ಡಬ್ಬಿ ಗೋಂದು ಕೊಟ್ಟು, ಕಟ್ಟುಗಳ ಜೊತೆಗೆ ಅವನನ್ನೂ ಡ್ರೈವರ್ ಯಲ್ಲಾರಿಯ ಮೂರು ಗಾಲಿಯ ಟಂಟಂ ಗಾಡಿಗೆ ಹೇರಿದ.

“ಹಾದಿ ಮ್ಯಾಗ ಹಚ್ಚಕೋತ ಹೋಗು. ಆದ್ರ ತಮ್ಮಾ, ಬಿಡುಗಡಿ ಮಾಡೂ ಪ್ರತಿ ನಿಮ್ಮ ಆಫೀಸಿನ ಗೌರಕ್ಕ ನಿನ್ನೆನ ಒಯ್ದಾಳ, ಬಣ್ಣದ ಕಾಗದ ಸುತ್ತಾಕ.”

ಹಾದಿಯ ತಗ್ಗುಗಳು ತಮ್ಮ ಕೆಲಸ ಮಾಡಿದವು. ಚೀಟಿಗಳು ಕೆಲವು ಸೊಟ್ಟಗೆ ಕೂತವು, ಕೆಲವು ತಲೆಕೆಳಗಾದವು. ಒಂದು ಚೀಟಿ ಯಲ್ಲಾರಿಯ ಬೆನ್ನಿಗೇ ಅಂಟಿತು. ಘಟಪ್ರಭಾದಲ್ಲಿ ಅವನು ಚಹಾಕ್ಕೆ ಇಳಿದಾಗ ಜನ ಅವನ ಬೆನ್ನು ಓದಿ ಎದ್ದು ಜಾಗ ಬಿಟ್ಟರು. ಮುಖಪುಟವಷ್ಟೇ ಮುಗಿಯಿತು. ಒಳಗಿನ ಶಾಲೆಮಠರನ್ನು ಸಿದ್ರಾಯ ದೇವರಿಗೆ ಬಿಟ್ಟ.

ಹುಕ್ಕೇರಿಯ ಸಭಾಭವನದಲ್ಲಿ ಜನ ಆಗಲೇ ತುಂಬಿದ್ದರು. ಬಾಗಿಲಲ್ಲೇ ಪ್ರತಿಗಳನ್ನು ಹಂಚಿಬಿಟ್ಟ ಸಿದ್ರಾಯ ವೇದಿಕೆಯ ಹಿಂದಕ್ಕೆ ಧಾವಿಸಿದ. ಅಲ್ಲಿ ಪತ್ರಿಕೆಯ ಚಂದಾ ವಿಭಾಗದ ಗೌರಕ್ಕ ಬಣ್ಣದ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಪತ್ರಿಕೆಯಲ್ಲಿ ಅಡಿಗೆಯ ಪುಟ ಬಿಟ್ಟು ಬೇರೇನನ್ನೂ ಅವಳು ಓದಿದವಳಲ್ಲ.

“ಗೌರಕ್ಕ, ಅದನ್ನ ಒಂದ್ ನಿಮಿಷ ಕೊಡ್ರಿ.”

“ಮುಟ್ಟಬ್ಯಾಡ. ರಿಬ್ಬನ್ ಗಂಟ ಹಾಕೂದ್ರಾಗ ನನ್ನ ಬೆರಳ ನೊಂದಾವ. ನಿನ್ನ ಕೈ ನೋಡ್ಕೋ ಮೊದಲ, ಎಲ್ಲಾ ಗೋಂದು. ಅತ್ತಾಗ ಸರಿ.”

ಅಷ್ಟರಲ್ಲಿ ವೇದಿಕೆಯಿಂದ ಕರೆ ಬಂತು. ಕಟ್ಟು ಹೋಯಿತು. ಸಾಲಿಮಠರು ಗಂಟು ಬಿಚ್ಚಿ, ಪ್ರತಿ ಎತ್ತಿ, ಮುಖಪುಟ ಓದಿದರು. ಇನ್ನೊಮ್ಮೆ ಓದಿದರು. ಒಳಪುಟ ತಿರುವಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದರು. ಉದ್ದಪ್ಪನವರು ಬಗ್ಗಿ ನೋಡಿದವರು ಕುರ್ಚಿಯಲ್ಲಿ ಇನ್ನಷ್ಟು ಗಿಡ್ಡವಾದರು. ಸಿದ್ರಾಯ ಕಂಬದ ಹಿಂದೆ ನಿಂತು ಮನೆದೇವರಿಗೆ ಹರಕೆ ಹೊತ್ತ.

ಸಾಲಿಮಠರು ಪೆನ್ನನ್ನು ಮರಳಿ ಜೇಬಿಗಿಟ್ಟು ಮೈಕಿನ ಮುಂದೆ ಬಂದರು.

“ಜೀವಮಾನೆಲ್ಲಾ ಕನ್ನಡ ಕಲಿಸೇನಿ. ಇಂಥಾ ಪದಾ ಕಂಡಿಲ್ಲ. ಐತಿಹಾಸಿಕ ಅಂದ್ರ ಆಗಿ ಹೋದದ್ದು. ಇದೆಹಾಸಿಕ ಅಂದ್ರ ಇನ್ನೂ ಇದೆ ಅನ್ನೂದು. ನಮ್ಮ ಹುಕ್ಕೇರಿ ಹೋಗಿಲ್ಲ, ಇದೆ. ಮತ್ತ ನನ್ನ ಹೆಸರ ನೋಡ್ರಿ, ಶಾಲೆಮಠ. ಶಾಲೆನ ನನ್ನ ಮಠ ಅನ್ನೂದು ಈ ಸಂಪಾದಕರಿಗೆ ಹೆಂಗ ತಿಳೀತೋ.”

ಅವರು ಶಲ್ಯದ ಅಂಚಿನಿಂದ ಕಣ್ಣೊರೆಸಿಕೊಂಡರು. ಸಭೆ ಚಪ್ಪಾಳೆ ತಟ್ಟಿತು. ಉದ್ದಪ್ಪನವರು ಎದ್ದು ಕೈಮುಗಿದರು.

“ಬಾಳ ವಿಚಾರ ಮಾಡಿ ಕಟ್ಟೇನ್ರಿ. ನಿದ್ದಿ ಬಿಟ್ಟು ಕಟ್ಟಿದ ಪದಾ.”

ಸಿದ್ರಾಯನಿಗೆ ಹೋದ ಜೀವ ಬಂದಂತಾಯಿತು. ಹೆಸರು ಯಾರಿಗಾದರೂ ಬರಲಿ, ತನಗೆ ಸರ್ಟಿಫಿಕೇಟು ಬಂದರೆ ಸಾಕು ಎಂದುಕೊಂಡ. ಆಗ ಮೊದಲ ಸಾಲಿನಲ್ಲಿ ಒಬ್ಬರು ಎದ್ದು ನಿಂತರು.

“ನನ್ನ ಪುಸ್ತಕದಾಗ ಐತಿಹಾಸಿಕ ಅಂತ ಚೀಟಿ ಹಚ್ಚ್ಯಾರಲ್ರಿ.”

“ನನ್ನದರಾಗೂ ಹಚ್ಚ್ಯಾರ, ಅದೂ ಉಲ್ಟಾ,” ಎಂದು ಹಿಂದಿನಿಂದ ಇನ್ನೊಬ್ಬರು ಕೂಗಿದರು.

ಗೌರಕ್ಕ ಸುಮ್ಮನಿರಬೇಕಲ್ಲ. “ಸಿದ್ರಾಯನ ಕೈ ನೋಡ್ರಿ, ಗೋಂದು ಇನ್ನೂ ಹಸಿ ಐತಿ,” ಎಂದಳು. ಯಾರೋ ಅವನನ್ನು ಕಂಬದ ಹಿಂದಿನಿಂದ ವೇದಿಕೆಗೆ ನೂಕಿದರು.

“ನಮ್ಮ ಇಂಟರ್ನ್ ಹುಡುಗ ರೀ. ಅಷ್ಟ ಆಳದ ಪದಾ ಅವಗ ತಿಳೀಲಿಲ್ಲ,” ಎಂದು ಉದ್ದಪ್ಪನವರು ದೊಡ್ಡ ಮನಸ್ಸು ಮಾಡಿ ನಕ್ಕರು.

ಸಿದ್ರಾಯನಿಗೆ ಉರಿದುಹೋಯಿತು. ಊಟವಿಲ್ಲದ ಹೊಟ್ಟೆ, ಮೈಯೆಲ್ಲ ಗೋಂದು, ಮೇಲೆ ಈ ಮಾತು. “ಸರ, ಆ ಪದಾ ಹುಟ್ಟಿಸಿದಾಂವನ ನಾನ್ರಿ,” ಎಂದುಬಿಟ್ಟ. “ಇವರು ಐತಿ ತಗದು ಇದೆ ಮಾಡು ಅಂದ್ರು. ಮಾಡಿದೆ. ತಾನ ಹುಟ್ಟಿತು.”

ಸಾಲಿಮಠರು ಅವನ ಕಡೆ ತಿರುಗಿದರು. “ತಮ್ಮಾ, ನೀನ ಹುಟ್ಟಿಸಿದ್ರ ನೀನ ಯಾಕ ಚೀಟಿ ಹಚ್ಚಿ ಮುಚ್ಚಿದಿ?”

ಸಿದ್ರಾಯ ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ತಪ್ಪಾಗೇತಿ ಅಂತ ತಿಳಕೊಂಡಿದ್ದೆರಿ.”

“ನೋಡ್ರಿ. ತಿಳಿಯೂತನಕ ತಪ್ಪು, ಚಪ್ಪಾಳಿ ಬಿದ್ದ ಮ್ಯಾಲ ತನ್ನದು. ಮಂದಿ ಪದಾ ಕದಿಯೂದು ಈ ವಯಸ್ಸಿಗೇ ಕಲತಾನ.” ಸಾಲಿಮಠರಿಗೆ ನಿಜವಾಗಿಯೂ ನೋವಾಗಿತ್ತು. “ಉದ್ದಪ್ಪನವರ, ಇವಗ ಈಗ ಸರ್ಟಿಫಿಕೇಟ್ ಕೊಡಬ್ಯಾಡ್ರಿ. ಇನ್ನೊಂದ್ ಸೆಮಿಸ್ಟರ್ ನಿಮ್ಮ ಕೈಯಾಗ ಪಳಗಲಿ. ಕಾಲೇಜಿಗೆ ನಾನ ಫೋನ್ ಮಾಡ್ತೇನಿ.”

ಸಭೆ ಮತ್ತೆ ಚಪ್ಪಾಳೆ ತಟ್ಟಿತು. ಸಹಿ ಹಾಕಿ ತಂದಿದ್ದ ಸರ್ಟಿಫಿಕೇಟನ್ನು ಉದ್ದಪ್ಪನವರು ಎಲ್ಲರೆದುರು ಚೀಲದೊಳಗೆ ಇಳಿಸಿದರು.

ಗೋಕಾಕಕ್ಕೆ ಹೊರಟ ಕಾರಿನ ಹಿಂದಿನ ಸೀಟಿನಲ್ಲಿ ಸಿದ್ರಾಯ ಬೆರಳಿನ ಗೋಂದು ಕೆರೆಯುತ್ತಿದ್ದ. ಗೌರಕ್ಕನಿಗೆ ತೂಕಡಿಕೆ ಹತ್ತಿದ ಮೇಲೆ ಉದ್ದಪ್ಪನವರು ಮೆಲ್ಲಗೆ ಹಿಂದಕ್ಕೆ ತಿರುಗಿದರು.

“ಸಿಟ್ಟ ಬಂದೈತೇನಪಾ?”

“ಸರ, ನನ್ನ ಸರ್ಟಿಫಿಕೇಟ...”

“ಅದನ್ನ ಕೊಟ್ರ ನೀ ನಾಳೆ ಬರ್ತೀಯೇನು? ಸಾಲಿಮಠ ಸರ ಮುಂದಿನ ಸಂಚಿಕಿಗೂ ಇಂಥಾದ್ದ ಒಂದ್ ಪದಾ ಬೇಕ ಅಂತ ಕುಂತಾರ. ನನಗಂತೂ ಏನೂ ಹೊಳೀವಲ್ದು.” ಅವರ ದನಿ ಇನ್ನೂ ಇಳಿಯಿತು. “ಮುಂಜಾನೆ ಲಗೂನ ಬಾ. ಬಂದು ಇನ್ನೊಂದ್ ತಪ್ಪ ಮಾಡು.”