ಪೈಲ್ವಾನರಿಗೆ ಹೆಣ್ಣು ಹುಡುಕಿದ್ದು

ಹೆದರಿದವನ ಮೇಲೆ ಹಾವು ಎಸೆಯುವವರು ಎಲ್ಲ ಊರಿನಲ್ಲೂ ಇರುತ್ತಾರೆ. ನನ್ನ ಮಟ್ಟಿಗೆ ಆ ಕೆಲಸವನ್ನು ದೇವರೇ ವಹಿಸಿಕೊಂಡಿದ್ದಾನೆ. ನಾನು ಕಡಬದಲ್ಲಿ ಟೈಲರ್, ಹುಟ್ಟಾ ಪುಕ್ಕಲ. ನಾಯಿ, ಸಿಡಿಲು, ಹೆಂಡತಿಯ ಅಣ್ಣ, ಯಾವುದನ್ನೂ ಬಿಡದೆ ಹೆದರುತ್ತೇನೆ. ಇಂಥ ನಾನು ಅಭಿಮಾನಿಯಾದದ್ದು ಬೊಂಬಾಯಿಯ ರಿಂಗ್ ಕುಸ್ತಿಯಲ್ಲಿ ಖಳನಾಯಕನಾಗಿ ಹೆಸರು ಮಾಡಿದ ನಮ್ಮೂರ ಪೈಲ್ವಾನರಿಗೆ. ಎದುರಾಳಿಯ ಗಂಟಲು ಹಿಡಿದು ಎತ್ತಿ ಮೇಜಿನ ಮೇಲೆ ಕುಕ್ಕುವುದು ಅವರ ವರಸೆ. ಮೊಬೈಲಿನಲ್ಲಿ ಆ ವಿಡಿಯೊಗಳನ್ನೆಲ್ಲ ನಾನು ನೋಡಿದ್ದೇನೆ, ಒಂದೇ ಕಣ್ಣು ತೆರೆದು. ಈಗ ಪೈಲ್ವಾನರು ಇಲ್ಲ. ಹೆದರಿಕೆ ಮಾತ್ರ ಅವರ ಜೊತೆ ಹೋಗಲಿಲ್ಲ.

ಅಳತೆ

ವಯಸ್ಸಾಯಿತೆಂದು ಪೈಲ್ವಾನರು ಬೊಂಬಾಯಿ ಬಿಟ್ಟು ಊರಿನಲ್ಲಿ ಅಕ್ಕನ ಮನೆಗೆ ಬಂದರು. ಒಂದು ಬೆಳಿಗ್ಗೆ ನನ್ನ ಅಂಗಡಿಯೊಳಗೆ ಇದ್ದಕ್ಕಿದ್ದಂತೆ ಕತ್ತಲಾಯಿತು. ಕರೆಂಟು ಹೋಯಿತೆಂದು ತಲೆ ಎತ್ತಿದರೆ ಬಾಗಿಲಲ್ಲಿ ಅವರು.

"ಟೈಲರೇ, ಕುಸ್ತಿಗೆ ಒಂದು ಕರಿ ಚಡ್ಡಿ ಆಗ್ಬೇಕಿತ್ತು."

ಟೇಪನ್ನು ಸೊಂಟಕ್ಕೆ ಸುತ್ತಲು ಹೋದರೆ ಕೈ ನಡುಗಿ ಅದು ಕೆಳಗೆ ಬಿತ್ತು. ಹೆಕ್ಕಿ ಸುತ್ತಿದೆ, ಮತ್ತೆ ಬಿತ್ತು. ಕೊನೆಗೆ ಅವರೇ ಟೇಪನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ ಮಾರಾಯ್ರೆ ಇಷ್ಟು ನಡುಗುದು? ಟಿಕೆಟ್ ಇಲ್ಲದೆ ನಾನು ಯಾರಿಗೂ ಹೊಡೆಯುದಿಲ್ಲ!"

ಯಾರ ಮಗ?

ಪುತ್ತೂರಿನ ಮೈದಾನವೊಂದರಲ್ಲಿ ಯುವಕ ಮಂಡಲದವರು ರಿಂಗ್ ಕಟ್ಟಿಸಿ ಪೈಲ್ವಾನರ ಪಂದ್ಯ ಇಟ್ಟರು. ಚಡ್ಡಿ ಹೊಲಿದವನೆಂದು ನನಗೆ ಎದುರಿನ ಸಾಲಿನಲ್ಲೇ ಕುರ್ಚಿ. ಅಷ್ಟು ಹತ್ತಿರದಿಂದ ನೋಡುವ ಧೈರ್ಯ ನನಗಿರಲಿಲ್ಲ, ಬೇಡ ಎನ್ನುವ ಧೈರ್ಯವೂ ಇರಲಿಲ್ಲ.

ಪೈಲ್ವಾನರು ಹಲ್ಲು ಕಡಿಯುತ್ತ ಎದುರಾಳಿಯ ಕುತ್ತಿಗೆ ಅಮುಕತೊಡಗಿದಾಗ ನಾನು ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ನನ್ನ ಪಕ್ಕದಲ್ಲಿದ್ದ ಬೆಟ್ಟಂಪಾಡಿಯ ಅಜ್ಜಿ ಎದ್ದು ರಿಂಗಿನ ಹಗ್ಗ ಹಿಡಿದು ನಿಂತಿದ್ದಾರೆ.

"ಏಯ್, ನೀನು ಯಾರ ಮಗ? ಯಾವ ಮನೆ? ನೀನು ಹೀಗೆ ಮಾಡುದು ನಿನ್ನ ಅಮ್ಮನಿಗೆ ಗೊತ್ತುಂಟಾ?"

ಪೈಲ್ವಾನರ ಕೈ ತನ್ನಷ್ಟಕ್ಕೇ ಸಡಿಲವಾಯಿತು. ಎದುರಾಳಿ ಸುಮ್ಮನೆ ಬೆರಳು ತಾಗಿಸಿದ್ದಕ್ಕೆ ದೊಪ್ಪನೆ ಬಿದ್ದವರು ಮತ್ತೆ ಏಳಲಿಲ್ಲ.

ಆಮೇಲೆ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತ ನನ್ನ ಕಿವಿಯಲ್ಲಿ ಹೇಳಿದರು. "ಇದು ಯಾರಿಗೂ ಹೇಳ್ಬಾರ್ದು. ಯಾರು ಗೆಲ್ಲುದು, ಯಾರು ಬೀಳುದು, ಎಲ್ಲ ಮೊದಲೇ ಮಾತಾಡಿ ಇಡುದು. ಇವತ್ತು ನಾನೇ ಸೋಲುದು ಅಂತ ಇತ್ತು."

"ಹಾಗಾದ್ರೆ ಸರಿಯಾಯ್ತಲ್ಲ ಪೈಲ್ವಾನರೇ?"

"ಎಂತ ಸರಿ? ಇಷ್ಟು ಬೇಗ ಅಂತ ಇರ್ಲಿಲ್ಲ!"

ಐವರ್ನಾಡಿನ ಚಾ

ಅವರಿಗೆ ಮದುವೆಯಾಗುವ ಆಸೆ ಇತ್ತು. ಪಂದ್ಯ ಮುಗಿದು ಮನೆಗೆ ಹೋದರೆ ಬೆನ್ನಿಗೆ ಎಣ್ಣೆ ಹಚ್ಚಲು ಜನ ಇಲ್ಲವೆಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು. ಹಾಗೆ ಹೇಳುವಾಗ ಅವರ ದನಿ ಸಣ್ಣದಾಗುತ್ತಿತ್ತು. ನನಗೆ ಪಾಪ ಅನಿಸುತ್ತಿತ್ತು.

ಐವರ್ನಾಡಿನಲ್ಲಿ ಒಂದು ಹೆಣ್ಣು ಉಂಟೆಂದು ಇಬ್ಬರೂ ಹೋದೆವು. ಚಾ ತಂದವರು ಹೆಣ್ಣಿನ ಅಪ್ಪ. ಅಮ್ಮ ಅಡಿಗೆಕೋಣೆಯಿಂದ ಹೊರಗೆ ಬರಲಿಲ್ಲ. ಹೆಣ್ಣು ಮನೆಯಲ್ಲಿ ಇದ್ದಳೋ ಇಲ್ಲವೋ, ದೇವರಿಗೇ ಗೊತ್ತು. ಅಪ್ಪ ನಮ್ಮಿಂದ ದೂರ, ಮೆಟ್ಟಿಲ ಹತ್ತಿರ ನಿಂತು ಕೇಳಿದರು.

"ನಿಮ್ಗೆ ಸಿಟ್ಟು ಬಂದ್ರೆ ಎಂತ ಮಾಡ್ತೀರಿ?"

"ಮಲಗ್ತೇನೆ" ಅಂದರು ಪೈಲ್ವಾನರು.

"ಯಾರನ್ನು?"

ನಾವು ಕಡಬ ತಲುಪುವ ಮೊದಲೇ ಅವರ ಫೋನು ಬಂತು, ಜಾತಕ ಕೂಡಿಬರಲಿಲ್ಲವಂತೆ. ನಾವು ಜಾತಕ ಕೊಟ್ಟೇ ಇರಲಿಲ್ಲ.

ಕನಸು

ಪೈಲ್ವಾನರು ಮದುವೆಯಾಗದೆಯೇ ಹೋಗಿಬಿಟ್ಟರು. ಬೆಳಿಗ್ಗೆ ಎದ್ದು ಎದೆ ಹಿಡಿದುಕೊಂಡು ಕೂತವರು ಅಷ್ಟೆ. ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೂತು ಅತ್ತೆ. ಅಷ್ಟು ಹೆದರಿಸಿದವರ ಮೇಲೆ ಅಷ್ಟು ಪ್ರೀತಿ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ಅಕ್ಕನ ಮನೆಯಲ್ಲಿ ಒಂದೊಂದೇ ಶುರುವಾಯಿತು. ಅಟ್ಟದ ಪಾತ್ರೆಗಳು ತಮ್ಮಷ್ಟಕ್ಕೇ ಬೀಳುತ್ತಿದ್ದವು. ಅಕ್ಕನ ಮಗಳಿಗೆ ಬಂದ ಸಂಬಂಧ ಒಂದೂ ನಿಲ್ಲಲಿಲ್ಲ. ಜೋಯಿಸರು ಕವಡೆ ಹಾಕಿ ಹೇಳಿದರು: "ಮದುವೆಯಾಗದೆ ಹೋದ ಗಂಡಸೊಬ್ಬರು ಉಂಟು. ಅವರಿಗೆ ಆಗದೆ ಈ ಮನೆಯಲ್ಲಿ ಇನ್ಯಾರಿಗೂ ಆಗ್ಲಿಕ್ಕಿಲ್ಲ."

ನಮ್ಮ ಕಡೆ ಹಾಗೆ ಹೋದವರನ್ನು ಹಾಗೇ ಬಿಡುವುದಿಲ್ಲ. ಮದುವೆಯಾಗದೆ ತೀರಿಕೊಂಡ ಇನ್ನೊಂದು ಮನೆಯ ಹೆಣ್ಣನ್ನು ಹುಡುಕಿ, ಎರಡೂ ಕಡೆಯವರು ಸೇರಿ ಕುಲೆ ಮದುವೆ ಮಾಡಿಸುತ್ತಾರೆ. ಸೀರೆ, ಪಂಚೆ, ಕರಿಮಣಿ, ಊಟ ಎಲ್ಲವೂ ಇರುತ್ತದೆ, ಗಂಡು ಹೆಣ್ಣು ಮಾತ್ರ ಕಾಣಿಸುವುದಿಲ್ಲ.

ಅಕ್ಕ ನೇರ ನನ್ನ ಅಂಗಡಿಗೆ ಬಂದರು. "ಟೈಲರಣ್ಣ, ಹೆಣ್ಣು ನೀವೇ ಹುಡುಕ್ಬೇಕು. ಮೊನ್ನೆ ತಮ್ಮ ಕನಸಿನಲ್ಲಿ ಬಂದು ನಿಮ್ಮ ಹೆಸರು ಹೇಳಿದ."

ನನ್ನ ಕೈಯ ಕತ್ತರಿ ನಿಂತಿತು. "ಎಂತ ಹೇಳಿದ್ರು?"

"ಬೇರೆಂತ ಇಲ್ಲ, ಹೆಸರು ಮಾತ್ರ. ಹಲ್ಲು ಕಡಿದುಕೊಂಡು."

ಮರುದಿನವೇ ನಾನು ಹೆಣ್ಣು ಹುಡುಕಲು ಹೊರಟೆ.

ಮದುವೆ

ಸುಳ್ಯದ ಆಲೆಟ್ಟಿಯಲ್ಲಿ ಒಂದು ಮನೆ ಸಿಕ್ಕಿತು. ಮಗಳು ಪ್ರಾಯದಲ್ಲೇ ಜ್ವರ ಬಂದು ತೀರಿಕೊಂಡು ಬಹಳ ವರ್ಷವಾಗಿತ್ತು. ಜಾತಿ, ಬಳಿ ಅಂದರೆ ಗೋತ್ರ, ಎಲ್ಲ ಕೂಡಿಬಂತು. ಆದರೆ ಹುಡುಗಿಯ ಅಮ್ಮ, ಕೋಲು ಹಿಡಿದು ನಡೆಯುವ ಮುದುಕಿ, ಪಟ್ಟು ಬಿಡಲಿಲ್ಲ.

"ಇವನು ಮೊಬೈಲಿನಲ್ಲಿ ಜನರನ್ನು ಎತ್ತಿ ಕುಕ್ಕುವವನಲ್ವಾ? ನನ್ನ ಮಗಳ ಮೈಗೆ ಕೈ ಮಾಡಿದ್ರೆ ಅಲ್ಲಿ ಬಿಡಿಸ್ಲಿಕ್ಕೆ ಯಾರುಂಟು?"

ಗುಟ್ಟು ಬಿಟ್ಟರೆ ಪೈಲ್ವಾನರು ನನ್ನನ್ನು ಬಿಡುವುದಿಲ್ಲ. ಬಿಡದಿದ್ದರೆ ಅವರಿಗೆ ಹೆಣ್ಣು ಸಿಗುವುದಿಲ್ಲ, ಆಗಲೂ ಅವರು ನನ್ನನ್ನು ಬಿಡುವುದಿಲ್ಲ. ಮನಸ್ಸಿನಲ್ಲೇ ಅವರಿಗೆ ಕೈ ಮುಗಿದು ಬಾಯಿ ಬಿಟ್ಟೆ.

"ಅಮ್ಮಾ, ಅದೆಲ್ಲ ಮೊದಲೇ ಮಾತಾಡಿಕೊಂಡು ಮಾಡುದು. ಅವರು ಒಬ್ಬರಿಗೂ ಪೆಟ್ಟಾಗುವ ಹಾಗೆ ಹೊಡೆದವರಲ್ಲ. ಬೇರೆಯವರು ಗೆಲ್ಲಲಿ ಅಂತ ಜೀವಮಾನ ಇಡೀ ಬಿದ್ದವರು."

ಹೇಳಿ ಮುಗಿಸಿ ಮಾಡಿನ ಕಡೆ ನೋಡಿದೆ. ಹಂಚು ಬೀಳಲಿಲ್ಲ.

ಅಮ್ಮ ಕೋಲನ್ನು ಪಕ್ಕಕ್ಕಿಟ್ಟು ನನ್ನ ಕಡೆ ಬಗ್ಗಿದರು. "ಬೇಕಂತಲೇ ಸೋಲ್ಲಿಕ್ಕೆ ಗೊತ್ತಿರುವ ಗಂಡಸಾ? ಹಾಗಾದ್ರೆ ಸಂಸಾರಕ್ಕೆ ಆಗ್ತಾನೆ. ಕೊಡುವ." ಮತ್ತೆ ಒಳಗೆ ಹೋಗಿ ಮಗಳದೊಂದು ಹಳೆಯ ರವಿಕೆ ತಂದು ನನ್ನ ಕೈಯಲ್ಲಿಟ್ಟರು. "ಅಳತೆಗೆ ಇದು. ಸ್ವಲ್ಪ ಬಿಟ್ಟು ಹೊಲಿಯಿರಿ, ಇಷ್ಟು ವರ್ಷದಲ್ಲಿ ದಪ್ಪ ಆಗಿರ್ತಾಳೆ." ನಗು ಬಂತು. ಅವರ ಕಣ್ಣು ನೋಡಿ ನಗಲಾಗಲಿಲ್ಲ.

ಬದುಕಿರುವವರಿಗೆ ಮದುವೆ ಇಲ್ಲದ ಆಟಿ ತಿಂಗಳಲ್ಲಿ ಮದುವೆ ನಡೆಯಿತು. ಒಂದು ಮಣೆಯ ಮೇಲೆ ನಾನು ಹೊಲಿದ ಅಂಗಿ, ಪಂಚೆ. ಇನ್ನೊಂದರ ಮೇಲೆ ಸೀರೆ, ರವಿಕೆ, ಮಲ್ಲಿಗೆ. ಧಾರೆ ಎರೆದು, ಮಣೆಗಳನ್ನು ಒಳಗೆ ಇಟ್ಟು ಎದುರಿಗೆ ಎರಡು ಎಲೆ ಹಾಕಿ ಕೋಳಿಸಾರು, ಕೋರಿರೊಟ್ಟಿ ಬಡಿಸಿದೆವು. ಅವರು ಉಣ್ಣುವಾಗ ನಾವು ಒಳಗಿರಬಾರದು, ಬಾಗಿಲು ಎಳೆದು ಹೊರಗೆ ಕಾಯಬೇಕು. ಮದುಮಗನ ಸಿಟ್ಟು ಇಳಿದಿದೆಯೋ ಇಲ್ಲವೋ ಎಂಬ ಹೆದರಿಕೆಯಿಂದ ಎಲ್ಲರಿಗಿಂತ ಮೊದಲು ಹೊರಗೆ ಬಂದವನು ನಾನು.

ಬಾಗಿಲು ಎಳೆಯುವಾಗ ಹುಡುಗಿಯ ಅಮ್ಮ "ಒಂದು ನಿಮಿಷ" ಎಂದು ತಡೆದರು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಇಣುಕಿದರು. ಅಳಿಯನಿಗೆ ಬುದ್ಧಿ ಹೇಳುತ್ತಾರೆಂದು ನಾವೆಲ್ಲ ಕಿವಿಗೊಟ್ಟೆವು. ಅವರು ಮಾತಾಡಿದ್ದು ಸೀರೆಯ ಹತ್ತಿರ.

"ಮಗಾ, ಪಾಪದವನಂತೆ. ಕೇಳಿ ವಿಚಾರಿಸಿ ಕೊಟ್ಟದ್ದು. ಅಣ್ಣಂದಿರಿಗೆ ಹೊಡೆದ ಹಾಗೆ ಇವನಿಗೆ ಹೊಡೀಬೇಡ."