ಒಂದು ಜೊತೆ ಸಕ್ಕರೆ ಆನೆ

ಸರ್ಕಾರಿ ನೌಕರರಿಗೆ ಮಾತ್ರ ಅರ್ಥವಾಗುವ ಒಂದು ಸಂಕಟವಿದೆ. ಡಿಸೆಂಬರ್ ಬಂತೆಂದರೆ ಉಳಿದ ಸಿ.ಎಲ್.ಗಳೆಲ್ಲ ಸಾಯಲು ಸಿದ್ಧವಾಗಿ ಕೂತಿರುತ್ತವೆ. ಮೂವತ್ತೊಂದರ ಒಳಗೆ ಹಾಕಿದರೆ ರಜೆ, ಇಲ್ಲದಿದ್ದರೆ ಇಲ್ಲ. ಈ ಸಲ ನನ್ನ ಪಾಲಿಗೆ ಎಂಟು ಉಳಿದಿದ್ದವು. ಎಂಟು! ಟಪಾಲು ಶಾಖೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೇರೆಯವರು ಬರೆದ ಕಾಗದಗಳಿಗೆ ನಂಬರು ಹಾಕುತ್ತಾ ಬಂದ ಕೈ ನನ್ನದು. ಈ ಎಂಟು ದಿನದಲ್ಲಿ ಆ ಕೈಯಿಂದ ಸ್ವಂತದ್ದೊಂದು ಕಥೆ ಬರೆದೇ ತೀರುತ್ತೇನೆ, ಜೊತೆಗೆ ದಣಿದ ಮೈಗೆ ವಿಶ್ರಾಂತಿಯನ್ನೂ ಕೊಡುತ್ತೇನೆ ಎಂದು ನಿರ್ಧರಿಸಿದೆ. ಎರಡನ್ನೂ ತೂಗಿಸಿಕೊಂಡು ಹೋಗುವುದು ನನ್ನಂಥವಳಿಗೆ ಎಷ್ಟರ ಕೆಲಸ!

ಮೊದಲನೆಯ ದಿನವೇ ದಪ್ಪನೆಯ ಡ್ರಾಯಿಂಗ್ ಶೀಟ್ ತಂದು, ಕಚೇರಿಯ ಗತ್ತಿನಲ್ಲಿಯೇ ಒಂದು ವೇಳಾಪಟ್ಟಿ ಬರೆದೆ. ಮೇಲೆ ದೊಡ್ಡದಾಗಿ 'ಮನೆಯವರ ಗಮನಕ್ಕೆ'. ಕೆಳಗೆ ನಿಯಮಗಳು. ಬೆಳಿಗ್ಗೆ ಎಂಟಕ್ಕೆ ಏಳುವುದು, ಅದಕ್ಕೂ ಮುಂಚೆ ಯಾರೂ ಎಬ್ಬಿಸತಕ್ಕದ್ದಲ್ಲ. ಹತ್ತರಿಂದ ಹನ್ನೆರಡು ಸೃಜನಶೀಲ ಕೆಲಸ, ಆ ಅವಧಿಯಲ್ಲಿ ಕಾಫಿ ಕೇಳದೆಯೇ ಬರತಕ್ಕದ್ದು. ಹನ್ನೆರಡರಿಂದ ಒಂದು, ಸದರಿ ಕೆಲಸದಿಂದ ಆದ ದಣಿವಿಗೆ ವಿಶ್ರಾಂತಿ. ಒಂದಕ್ಕೆ ಊಟ, ಅದನ್ನು ಬೇರೆಯವರು ಬಡಿಸತಕ್ಕದ್ದು. ಎರಡರಿಂದ ನಾಲ್ಕು, ಊಟದಿಂದ ಆದ ದಣಿವಿಗೆ ವಿಶ್ರಾಂತಿ.

ಅದನ್ನು ಫ್ರಿಜ್ಜಿನ ಬಾಗಿಲಿಗೆ ಟೇಪು ಹಾಕಿ ಅಂಟಿಸಿದೆ. ನಮ್ಮ ಮನೆಯವರು ಶಿವಣ್ಣ ಅಂತ, ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಕೈ ಒರೆಸಿಕೊಳ್ಳುತ್ತಾ ನಿಂತು ಪೂರ್ತಿ ಓದಿದರು.

"ಎಲ್ಲಾ ಸರಿ ಕಣಮ್ಮ. ಈ 'ಬೇರೆಯವರು' ಅಂದ್ರೆ ಯಾರು?"

ನಮ್ಮ ಮನೆಯಲ್ಲಿ ಇರುವುದೇ ಇಬ್ಬರು. ನಾನು ಉತ್ತರ ಹೇಳಬೇಕಾಗಲಿಲ್ಲ.

ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ಕಥೆ' ಎಂದು ಬರೆದು ಅಡಿಗೆರೆ ಎಳೆದೆ. ಆಮೇಲೆ ವಿಚಿತ್ರವೊಂದು ನಡೆಯಿತು. ಸೃಜನಶೀಲ ಅವಧಿಯಲ್ಲಿ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ವಿಶ್ರಾಂತಿಯ ಅವಧಿಯಲ್ಲಿ ಮಲಗಿದರೆ, ಕಥೆ ಬರೆದಿಲ್ಲವಲ್ಲ ಎಂಬ ಚಿಂತೆಯಿಂದ ನಿದ್ದೆಯೇ ಬರುತ್ತಿರಲಿಲ್ಲ! ಐದನೆಯ ದಿನದ ಹೊತ್ತಿಗೆ 'ಕಥೆ'ಯ ಕೆಳಗೆ ಮೂರು ಅಡಿಗೆರೆಗಳಾಗಿದ್ದವು. ಕಥೆ ಅಷ್ಟರಮಟ್ಟಿಗೆ ಮುಂದುವರಿದಿತ್ತು.

ಇತ್ತ ಇವರು ಯಾವ ವೇಳಾಪಟ್ಟಿಯೂ ಇಲ್ಲದೆ ಬೆಳಗಿನ ಐದಕ್ಕೆ ಎದ್ದು ಸಕ್ಕರೆ ಅಚ್ಚು ಮಾಡುತ್ತಿದ್ದರು. ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಹಂಚುತ್ತೇವಲ್ಲ, ಅವೇ ಬಿಳೀ ಗಿಳಿ, ಹಂಸ, ತುಳಸಿಕಟ್ಟೆ. ನಮ್ಮತ್ತೆಗೆ ಹೆಣ್ಣುಮಕ್ಕಳಿರಲಿಲ್ಲ. ಹಾಗಾಗಿ ಮರದ ಅಚ್ಚುಗಳನ್ನೂ ಕೈಚಳಕವನ್ನೂ ಮಗನಿಗೇ ಬಿಟ್ಟುಹೋದರು. ಇಡೀ ದಿನ ಎಂಜಿನ್ ಆಯಿಲ್ಲಿನಲ್ಲಿ ಮುಳುಗಿರುವ ಕೈಯಿಂದ ಅಷ್ಟು ಬೆಳ್ಳನೆಯ ಗಿಳಿ ಹೇಗೆ ಹೊರಬರುತ್ತದೆ ಎನ್ನುವುದು ಇಪ್ಪತ್ತು ವರ್ಷದಿಂದ ನನಗೆ ಬಿಡಿಸಲಾಗದ ಆಶ್ಚರ್ಯ. ಪ್ರತಿ ಡಿಸೆಂಬರಿನಲ್ಲೂ ಅಡುಗೆಮನೆ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತೇನೆ.

ಈ ವರ್ಷ ಎದುರುಮನೆ ರತ್ನಮ್ಮನ ಮಗಳು ದಿವ್ಯಾಗೆ ಮದುವೆಯಾದ ಮೊದಲ ಸಂಕ್ರಾಂತಿ. ವರ್ಷದ ಕೊನೆಯ ರಜೆಗೆ ತವರಿಗೆ ಬಂದವಳು, ಮೂವತ್ತನೇ ತಾರೀಕು ಚನ್ನರಾಯಪಟ್ಟಣದ ಅತ್ತೆಮನೆಗೆ ಹೊರಡುವಾಗಲೇ ಅಚ್ಚುಗಳನ್ನೂ ತೆಗೆದುಕೊಂಡು ಹೋಗಬೇಕು. ತಟ್ಟೆಯ ನಡುವೆ ಇಡಲು ಎರಡು ದೊಡ್ಡ ಆನೆ ಬೇಕೇ ಬೇಕು ಎಂದು ರತ್ನಮ್ಮ ಹೇಳಿಹೋಗಿದ್ದರು.

"ಒಂಟಿ ಆನೆ ಕಳಿಸಿದ್ರೆ ಬೀಗರು ಏನಂದ್ಕೊಂಡಾರು ಶಿವಣ್ಣ? ಜೋಡೀನೇ ಆಗ್ಬೇಕು. ನನ್ನ ಮಗಳ ಮಾನ ನಿಮ್ಮ ಕೈಲೈತೆ."

ಇಪ್ಪತ್ತೊಂಬತ್ತರ ಬೆಳಿಗ್ಗೆ ಮೊದಲ ಆನೆ ಹುಟ್ಟಿತು. ಸೊಂಡಿಲು ಎತ್ತಿ ನಿಂತಿತ್ತು. ಕಾಲಿನ ಉಗುರುಗಳೂ ಕಾಣುತ್ತಿದ್ದವು! ಇವರು ಅದನ್ನು ಮೇಜಿನ ಮೇಲೆ ಒಣಗಲು ಇಟ್ಟು, ಅಚ್ಚನ್ನು ಮತ್ತೆ ನೀರಿನ ಟಬ್ಬಿಗೆ ಹಾಕಿದರು.

"ಇನ್ನೊಂದನ್ನೂ ಈಗಲೇ ಮಾಡಿಬಿಡಬಾರದಾ?" ಎಂದೆ.

"ಅಚ್ಚು ಒಂದ್ಸಲ ಬಿಸಿ ತಿಂದೈತೆ. ನಾಳೆ ಬೆಳಿಗ್ಗೆವರ್ಗೂ ನೀರಲ್ಲಿ ಮಲಗ್ಲಿ ಬುಡು. ನೀನು ಕಥೆ ಬರಿ. ಇದನ್ನ ಮಾತ್ರ ಮುಟ್ಬೇಡ."

ಅಂಗಡಿಗೆ ಹೋದರು. ಗಡಿಯಾರ ಹತ್ತು ತೋರಿಸಿತು. ಸೃಜನಶೀಲ ಅವಧಿ! ನೋಟ್‌ಬುಕ್ ತೆರೆದೆ. ಮೂರು ಅಡಿಗೆರೆಗಳು ನನ್ನನ್ನು ನೋಡಿದವು. ನಾನು ಅವುಗಳನ್ನು ನೋಡಿದೆ. ಆಗಲೇ ನನಗೆ ಆ ಉದಾತ್ತ ಯೋಚನೆ ಬಂದದ್ದು. ಪಾಪ, ಒಬ್ಬರೇ ಎಷ್ಟು ದುಡಿಯುತ್ತಾರೆ! ಎರಡನೆಯ ಆನೆಯನ್ನು ನಾನೇ ಮಾಡಿಟ್ಟರೆ ಸಂಜೆ ಬಂದವರಿಗೆ ಎಷ್ಟು ಸಂತೋಷ! ಇಪ್ಪತ್ತು ವರ್ಷ ನೋಡಿದ್ದೇನೆ. ನೋಡಿದ್ದೇ ಅರ್ಧ ಕಲಿತ ಹಾಗೆ ಎಂದುಕೊಂಡೆ. ಉಳಿದರ್ಧದ ಬಗ್ಗೆ ಯೋಚಿಸಲಿಲ್ಲ.

ಆನೆಯ ಅಚ್ಚು ಮೂರು ತುಂಡಿನದು. ನೀರಿನಿಂದ ತೆಗೆದಾಗ ತೊಟ್ಟಿಕ್ಕುತ್ತಿತ್ತು. ಹಸಿ ಅಚ್ಚಿಗೆ ಸಕ್ಕರೆ ಹುಯ್ಯುವುದುಂಟೇ ಎಂದು ತಾರಸಿಗೆ ಒಯ್ದು ಬಿಸಿಲಿಗೆ ಹರವಿದೆ. ಇದು ಮೊದಲ ತಪ್ಪು. ಒಣಮರ ಸಕ್ಕರೆಯನ್ನು ಕಚ್ಚಿಕೊಳ್ಳುತ್ತದೆ ಎಂಬುದಕ್ಕಾಗಿಯೇ ನೆನೆಸುವುದು ಎಂದು ಆಮೇಲೆ ತಿಳಿಯಿತು. ಆ ದಿನ ನನಗೆ ತಿಳಿದದ್ದೆಲ್ಲ ಆಮೇಲೆಯೇ.

ಒಲೆಯ ಮೇಲೆ ಪಾಕ ಇಟ್ಟೆ. ಹಾಲು ಹಾಕಿ ಕೊಳೆ ತೆಗೆದೆ, ಬಟ್ಟೆಯಲ್ಲಿ ಸೋಸಿದೆ. ಇವರು ನಿಂಬೆರಸ ನಾಲ್ಕು ಹನಿ ಹಾಕುತ್ತಿದ್ದರು. ನಾನು ಧಾರಾಳಿ, ಅರ್ಧ ಹೋಳು ಹಿಂಡಿದೆ. ಎಷ್ಟು ತಿರುವಿದರೂ ಪಾಕ ಗಟ್ಟಿಯಾಗಲೇ ಇಲ್ಲ. ಒಳ್ಳೆಯ ಷರಬತ್ತಾಯಿತು. ಎರಡನೆಯ ಸಲ ನಿಂಬೆಯೇ ಬೇಡವೆಂದು ತಿರುವುತ್ತಿದ್ದಾಗ ಫೋನು ಬಂತು. ಎರಡೇ ಎರಡು ಮಾತಾಡಿ ಬಂದು ಚಮಚ ಎತ್ತಿದೆ. ಪಾತ್ರೆಯೂ ಎದ್ದಿತು!

ಮೂರನೆಯ ಪಾಕ ಮಾತ್ರ ದೇವರಾಣೆ ಸರಿಯಾಗಿ ಬಂತು. ನೊರೆನೊರೆಯಾಗಿ ಬೆಳ್ಳಗಾಗುತ್ತಿದ್ದಂತೆ, ಬಿಗಿಯಾಗಿ ದಾರ ಸುತ್ತಿದ ಅಚ್ಚಿಗೆ ಹುಯ್ದೆ. ಇನ್ನು ಹತ್ತು ನಿಮಿಷ ಸುಮ್ಮನಿರಬೇಕು. ಇಡೀ ಕೆಲಸದಲ್ಲಿ ಅತ್ಯಂತ ಸುಲಭವಾದ ಭಾಗ. ನನ್ನಿಂದ ಆಗದೇ ಹೋದದ್ದೂ ಅದೇ! ಎರಡು ನಿಮಿಷಕ್ಕೆ ದಾರ ಸಡಿಲಿಸಿ ಸ್ವಲ್ಪವೇ ತೆರೆದು ನೋಡಿದೆ. ಆನೆಯ ಹಿಂಭಾಗ ನನ್ನ ಕೈಮೇಲೆ ಇಳಿಯಿತು. "ಅಮ್ಮಾ!" ಎಂದು ಮುಚ್ಚಿದೆ. ಐದು ನಿಮಿಷಕ್ಕೆ ಮತ್ತೆ ತೆರೆಯಲು ಹೋದರೆ ಅಚ್ಚು ಬಾಯಿಯೇ ಬಿಡಲಿಲ್ಲ. ಸ್ಕೂಟರ್ ಮೆಕ್ಯಾನಿಕ್ಕಿನ ಹೆಂಡತಿಗೆ ಸ್ಕ್ರೂಡ್ರೈವರಿಗೆ ಬರವೇ? ಸಂದಿಗೆ ತೂರಿಸಿ ಒಂದೇ ಸಲ ಮೀಟಿದೆ.

ಟಪ್ ಎಂದಿತು. ಮರದ ಚೂರೊಂದು ಹಾರಿತು. ಸೊಂಡಿಲಿನ ಜಾಗದ್ದು. ನಾನು ಹಿಂದಕ್ಕೆ ಜೋಲಿ ಹೊಡೆದೆ, ಮೊಣಕೈ ಮೇಜಿಗೆ ತಗುಲಿತು, ಬೆಳಗಿನ ಆನೆ ನಿಧಾನವಾಗಿ ವಾಲಿ ನೆಲಕ್ಕೆ ಹೋಯಿತು. ಎರಡು ಆನೆ ಮಾಡಲು ಹೊರಟವಳ ಮನೆಯಲ್ಲಿ ಈಗ ಒಂದೂ ಇರಲಿಲ್ಲ.

ಸರಿಯಾಗಿ ಆ ಗಳಿಗೆಗೆ ರತ್ನಮ್ಮ ಬರಬೇಕೇ!

"ಆನೆ ನೋಡಾನ ಅಂತ ಬಂದ್ಬುಟ್ಟೆ ಕಣ್ರೀ... ಇದೇನ್ರೀ ನೆಲದ ಮೇಲೆ?"

"ಆನೆ."

"ಮಲಗೈತಾ?"

"ಹೂಂ ರತ್ನಮ್ಮ. ವಿಶ್ರಾಂತಿ."

ರತ್ನಮ್ಮ ನಗಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟರು. "ನಾಳೆ ಒಂಬತ್ತಕ್ಕೆ ಹೊರಡ್ತಾಳಲ್ರೀ ಮಗಳು. ಬೀಗರಿಗೆ ಎಂಗೆ ಮುಖ ತೋರ್ಸೋದು?" ಅವರ ಕಣ್ಣಲ್ಲಿ ನೀರು ನೋಡಿ ನನಗೆ ನಿಜವಾಗಿಯೂ ನಾಚಿಕೆಯಾಯಿತು. ನನ್ನ ಕಥೆಗಾಗಿ ಯಾರೂ ಕಾದಿರಲಿಲ್ಲ. ಆನೆಗಾಗಿ ಒಬ್ಬ ತಾಯಿ ಕಾದಿದ್ದಳು.

ಸಂಜೆ ಇವರು ಬರುವವರೆಗೂ ಚಮಚ ಅಂಟಿಕೊಂಡಿದ್ದ ಆ ಪಾತ್ರೆಯನ್ನು ಚಾಕುವಿನಿಂದ ಕೆರೆದೆ, ಅಚ್ಚನ್ನು ಕಡ್ಡಿಯಿಂದ ಕೆದಕಿದೆ. ಬಂದವರು ಎಲ್ಲವನ್ನೂ ಒಂದು ಸುತ್ತು ನೋಡಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಪಾತ್ರೆಗೆ ಬಿಸಿನೀರು ಹುಯ್ದರು. ಅಚ್ಚನ್ನು ಟಬ್ಬಿನೊಳಗೆ ಬಿಟ್ಟರು. ನಾವು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಚಮಚ ತಾನಾಗಿ ವಾಲಿ ಪಕ್ಕಕ್ಕೆ ಬಿತ್ತು!

"ಸಕ್ಕರೆ ಕಣಮ್ಮ. ನೀರಲ್ಲಿ ಬುಟ್ರೆ ಅದೇ ಕರಗೋದಲ್ವಾ? ಯಾಕೆ ಅಷ್ಟು ಗುದ್ದಾಡ್ದೆ?"

ಮೂರು ಗಂಟೆ ಗುದ್ದಾಡಿದ್ದ ಚಾಕುವನ್ನು ಮೆಲ್ಲಗೆ ಸೆರಗಿನ ಮರೆಗೆ ಸರಿಸಿದೆ. ಇವರು ಹಾರಿಹೋಗಿದ್ದ ಮರದ ಚೂರನ್ನು ಹುಡುಕಿ, ಅದರ ಜಾಗದಲ್ಲಿ ಕೂರಿಸಿ, ದಾರ ಸುತ್ತಿ ಮತ್ತೆ ನೀರಿಗೆ ಬಿಟ್ಟರು.

"ಈಗಲೇ ಶುರು ಮಾಡೋಣ ರೀ, ಎರಡು ಆನೆ ಆಗಬೇಕು!"

"ಮರ ನೀರು ಕುಡೀಲಿ. ನಾನೂ ಮಲಗ್ತೀನಿ," ಎಂದು ಹೋಗಿ ನಿಜವಾಗಿಯೂ ಮಲಗಿದರು. ಗೊರಕೆಯೂ ಬಂತು. ಮಾನ ಹೋಗುವ ಹಿಂದಿನ ದಿನ ಹೀಗೆ ನಿದ್ದೆ ಮಾಡುವ ಮನುಷ್ಯನನ್ನು ನಾನು ಬೆರಗಾಗಿ ನೋಡುತ್ತಾ ಕೂತೆ.

ಐದಕ್ಕೆ ಎದ್ದಾಗ ಬೀದಿಯ ಕೊನೆಯ ದೇವಸ್ಥಾನದಲ್ಲಿ ಧನುರ್ಮಾಸದ ಪೂಜೆಯ ಗಂಟೆ ಕೇಳುತ್ತಿತ್ತು. ನೀರು ಕುಡಿದ ಮರ ಉಬ್ಬಿ, ಆ ಚೂರನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿತ್ತು. ನಾನು ಮುಟ್ಟಿ ನೋಡಿದೆ. ಅಲುಗಲಿಲ್ಲ. ಮೊದಲ ಆನೆ ಆರಕ್ಕೆ ಮುಂಚೆಯೇ ಬಂತು, ಸೊಂಡಿಲಿನ ಮೇಲೆ ಕೂದಲೆಳೆಯಷ್ಟು ಗೆರೆ ಬಿಟ್ಟರೆ ಬೇರೆ ಊನವಿಲ್ಲ. ಅಚ್ಚು ಮತ್ತೆ ನೀರಿಗೆ ಹೋಯಿತು. ಏಳೂವರೆಯವರೆಗೆ ಇವರು ಅದನ್ನು ತೆಗೆಯಲೇ ಇಲ್ಲ. ನಾನು ಗಡಿಯಾರ ನೋಡಿದಾಗಲೆಲ್ಲ ಇವರು ಕಾಫಿ ಹೀರಿದರು.

"ಎರಡನೇದು ಬರುತ್ತೋ ಇಲ್ವೋ ಗೊತ್ತಿಲ್ಲ. ಇಷ್ಟು ಬೇಗ ಯಾವತ್ತೂ ಹುಯ್ದಿಲ್ಲ," ಎಂದರು.

ಹುಯ್ದರು. ಅಚ್ಚನ್ನು ಕೆಳಗಿಟ್ಟು, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತರು. "ನೀನೂ ಕೂತ್ಕೊ. ಈಗ ಮುಟ್ಟಿದ್ರೆ ಹೋಯ್ತು," ಎಂದರು. ಕೂತೆ. ಗೆರೆಗೆರೆಯಲ್ಲಿ ಆಯಿಲ್ ಕೂತ ಆ ಕೈಗಳು ಅಲುಗಾಡಲಿಲ್ಲ. ಅವುಗಳನ್ನೇ ನೋಡುತ್ತಿದ್ದೆ. ಎಂಟು ದಿನ ರಜೆ ಹಾಕಿಯೂ ನನಗೆ ಸಿಗದಿದ್ದ ವಿಶ್ರಾಂತಿ ಈ ಮನುಷ್ಯನಿಗೆ ಕೆಲಸದ ನಡುವೆಯೇ ಸಿಗುತ್ತಿತ್ತು. ನನಗೆ ಅಸೂಯೆಯಾಗಬೇಕಿತ್ತು, ಆದರೆ ಕೈ ಮುಗಿಯಬೇಕೆನಿಸಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಗಡಿಯಾರ ನೋಡುವುದನ್ನೇ ಮರೆತಿದ್ದೆ.

ದಾರ ಬಿಚ್ಚಿದರು. ಮೂರು ತುಂಡೂ ಹೂವಿನ ಎಸಳಿನ ಹಾಗೆ ಬಿಟ್ಟುಕೊಂಡವು. ಆನೆ ನಿಂತಿತ್ತು! ನಾನು ಚಪ್ಪಾಳೆ ತಟ್ಟಿಬಿಟ್ಟೆ.

"ಗಟ್ಟಿ ಕಾಗದ ಏನಾದ್ರೂ ಕೊಡು, ಬೇಗ. ಬಿಸಿ ಐತೆ, ಅಲುಗಾಡ್ಬಾರ್ದು."

ಆ ಸಂಭ್ರಮದಲ್ಲಿ ಕೈಗೆ ಸಿಕ್ಕ ಗಟ್ಟಿ ಹಾಳೆಯನ್ನು ಕಿತ್ತು, ಖಾಲಿ ಬದಿ ಮೇಲೆ ಬರುವಂತೆ ಡಬ್ಬದೊಳಗೆ ಹಾಸಿದೆ. ಜೋಡಿ ಆನೆ ಅದರ ಮೇಲೆ ನಿಂತವು. ಒಂಬತ್ತಕ್ಕೆ ದಿವ್ಯಾ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಹೊರಟಳು. ರತ್ನಮ್ಮ ನನ್ನ ಕೈ ಹಿಡಿದು ಗಳಗಳನೆ ಅತ್ತರು. ನಾನೂ ಅತ್ತೆ, ಆನೆ ನಾನೇ ಮಾಡಿದ ಹಾಗೆ!

ಹೊಸ ವರ್ಷದ ಮೊದಲ ಭಾನುವಾರ ಮಧ್ಯಾಹ್ನ ರತ್ನಮ್ಮ ಬಂದರು. ಮುಖ ನೋಡಿದರೆ ಅಳುವೋ ನಗುವೋ ತಿಳಿಯದು.

"ದಿವ್ಯಾ ಫೋನ್ ಮಾಡಿದ್ಲು ಕಣ್ರೀ. ಆನೆ ಎತ್ತಿ ಹಾಳೆ ಮಗುಚಿದ್ರೆ ಕೆಳಗೆ ಬರವಣಿಗೆ ಇತ್ತಂತೆ. 'ಮನೆಯವರ ಗಮನಕ್ಕೆ' ಅಂತ!"

ದಡಕ್ಕನೆ ಎದ್ದೆ. ಫ್ರಿಜ್ಜಿನ ಕಡೆ ತಿರುಗಿದೆ. ನಾಲ್ಕು ಮೂಲೆಗೆ ನಾಲ್ಕು ಟೇಪಿನ ತುಂಡು ಮಾತ್ರ ಇದ್ದವು.

"ಎಂಟಕ್ಕೆ ಮುಂಚೆ ಎಬ್ಬಿಸಬಾರದು, ಬೇರೆಯವರು ಬಡಿಸಬೇಕು, ಎರಡರಿಂದ ನಾಲ್ಕು ಮಲಗಬೇಕು... ಸೊಸೆಗೆ ತವರಿನವರು ಹಾಕಿ ಕಳಿಸಿದ ಷರತ್ತು ಅಂದ್ಕೊಂಡು, ಬೀಗರು ಕನ್ನಡಕ ತೆಗೆದು ಒರೆಸಿ ಒರೆಸಿ ಓದಿದ್ರಂತೆ. ನನ್ನ ಮಗಳು ನಿಂತ ನೆಲ ಬಾಯಿ ಬಿಡಬಾರದಾ ಅಂತ ನಿಂತಿದ್ಲಂತೆ!"

"ಅಯ್ಯೋ ರತ್ನಮ್ಮ! ಆಮೇಲೆ?"

"ಆಮೇಲೆ ಇದು ಎದುರುಮನೆ ಆಂಟಿದು, ಅವರು ಕಥೆ ಬರೀತಾರೆ ಅಂತ ಹೇಳಿದ್ಲಂತೆ. ಅವಳತ್ತೆ ಬಿದ್ದು ಬಿದ್ದು ನಕ್ಕು, ಆ ಹಾಳೇನ ತಮ್ಮ ಫ್ರಿಜ್ಜಿಗೆ ಅಂಟಿಸ್ಕೊಂಡವ್ರೆ! ಅಂಗೇ ನಡೀತೈತಂತೆ. ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ಮಧ್ಯಾಹ್ನ ಮಲಗ್ತಾವ್ರಂತೆ. ಬೀಗರೇ ಬಡಿಸ್ತಾರಂತೆ. 'ಇಷ್ಟು ವಿಶ್ರಾಂತಿ ಬೇಕಾದೋರು ಎಷ್ಟು ದುಡೀತಿರ್ಬೇಕು ಪಾಪ, ಅವರು ಏನ್ ಬರ್ದವ್ರೆ?' ಅಂತ ಕೇಳಿದ್ರಂತೆ."

ನಾನು ಇವರ ಮುಖ ನೋಡಿದೆ. ಇವರು ಕಪಾಟಿನಲ್ಲಿದ್ದ ನೋಟ್‌ಬುಕ್ಕನ್ನು ನೋಡಿದರು. ಅದರೊಳಗೆ ಒಂದು ಪದ ಮತ್ತು ಮೂರು ಗೆರೆಗಳಿವೆ ಎಂದು ಇಬ್ಬರಿಗೂ ಗೊತ್ತಿತ್ತು.

"ಬರೀತಾ ಇದ್ದಾರೆ ಅಂತ ಹೇಳಿ," ಎಂದೆ.

ಗಡಿಯಾರ ಎರಡು ಹೊಡೆಯಿತು. ಚನ್ನರಾಯಪಟ್ಟಣದಲ್ಲಿ ನಾನು ಮುಖವನ್ನೂ ಕಾಣದ ಆ ಪುಣ್ಯಾತ್ಗಿತ್ತಿ ಈಗ ನಿಯಮದ ಪ್ರಕಾರ ಮಲಗಿರುತ್ತಾರೆ. ಇಲ್ಲಿ ಇಬ್ಬರು ನನ್ನನ್ನೇ ನೋಡುತ್ತಾ ಕೂತಿದ್ದರು. ನಾನು ಎದ್ದು ಅಡುಗೆಮನೆಗೆ ಹೋಗಿ ಹಾಲು ಕಾಯಲಿಟ್ಟೆ. ಕಾಫಿ ಕೇಳದೆಯೇ ಬರತಕ್ಕದ್ದು ಎಂದು ಬರೆದವಳು ನಾನೇ ತಾನೇ!